ಹೈಸ್ಕೂಲ್ ಮಕ್ಕಳ ಕೈಲಿ ನಿಜವಾದ ಸಂಶೋಧನೆ: ಮೆಂಟರ್ ಆಗುವವರಿಗೊಂದು ಸಮಗ್ರ ಮಾರ್ಗದರ್ಶಿ

1963ರ ಮಾತು. ಈಗಿನ ತಾಂಜಾನಿಯಾದಲ್ಲಿ ಎರಾಸ್ಟೊ ಎಂಪೆಂಬಾ ಅನ್ನುವ ಹುಡುಗ ಶಾಲೆಯಲ್ಲಿ ಗೆಳೆಯರ ಜೊತೆ ಐಸ್‌ಕ್ರೀಂ ಮಾಡುತ್ತಿದ್ದ. ಹಾಲು ಕಾಯಿಸಿ, ಸಕ್ಕರೆ ಹಾಕಿ, ಆರಿದ ಮೇಲೆ ಫ್ರೀಜರ್‌ಗೆ ಇಡಬೇಕಿತ್ತು. ಆರುವ ತನಕ ಕಾದರೆ ಜಾಗ ಹೋಗಿಬಿಡುತ್ತೆ ಅಂತ ಬಿಸಿ ಹಾಲನ್ನೇ ಒಳಗಿಟ್ಟ. ನೋಡಿದರೆ ಇವನದೇ ಮೊದಲು ಗಟ್ಟಿಯಾಗಿತ್ತು! ಮೇಷ್ಟ್ರನ್ನು ಕೇಳಿದ. ನಿನಗೇನೋ ಗೊಂದಲವಾಗಿದೆ ಅಂದರು. ಮುಂದೆ ಬೇರೆ ಶಾಲೆಗೆ ಹೋದಾಗ ಅಲ್ಲಿನ ಮೇಷ್ಟ್ರು ಇದು ಎಂಪೆಂಬಾನ ಫಿಸಿಕ್ಸ್, ಜಗತ್ತಿನ ಫಿಸಿಕ್ಸ್ ಅಲ್ಲ ಅಂತ ಗೇಲಿ ಮಾಡಿದರು.

ಆ ಶಾಲೆಗೆ ಒಂದು ದಿನ ಡೆನಿಸ್ ಆಸ್ಬರ್ನ್ ಅನ್ನುವ ಭೌತವಿಜ್ಞಾನಿ ಭಾಷಣಕ್ಕೆ ಬಂದರು. ಹುಡುಗ ಅದೇ ಪ್ರಶ್ನೆ ಕೇಳಿದ. ಸುತ್ತ ಕೂತವರು ನಕ್ಕರು. ಆಸ್ಬರ್ನ್ ನಗಲಿಲ್ಲ. ಗೊತ್ತಿಲ್ಲ, ಮಾಡಿ ನೋಡುತ್ತೇನೆ ಅಂದರು. ವಾಪಸ್ ಹೋಗಿ ಲ್ಯಾಬ್ ಸಹಾಯಕನಿಂದ ಪ್ರಯೋಗ ಮಾಡಿಸಿದರು. ಅವನು ಬಂದು ಬಿಸಿನೀರೇ ಮೊದಲು ಹೆಪ್ಪುಗಟ್ಟಿತು ಸಾರ್, ಆದರೆ ಸರಿಯಾದ ಉತ್ತರ ಬರೋವರೆಗೂ ಮತ್ತೆ ಮತ್ತೆ ಮಾಡ್ತೀವಿ ಅಂದನಂತೆ! 1969ರಲ್ಲಿ ಇಬ್ಬರೂ ಸೇರಿ ಪೇಪರ್ ಪ್ರಕಟಿಸಿದರು. ಅದರಲ್ಲಿ ಮೊದಲ ಹೆಸರು ಹುಡುಗನದು, ಎರಡನೆಯದು ಪ್ರೊಫೆಸರರದು.

ಮೆಂಟರ್, ಅಂದರೆ ಮಗುವಿನ ಜೊತೆ ನಿಂತು ದಾರಿ ತೋರುವವರ ಕೆಲಸ, ಹೆಚ್ಚುಕಡಿಮೆ ಇಷ್ಟೇ. ನಗಬಾರದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಬೇಕು. ಪ್ರಶ್ನೆ ಕೊನೆಯವರೆಗೂ ಮಗುವಿನ ಕೈಯಲ್ಲೇ ಇರಬೇಕು. ಕೇಳೋಕೆ ಸುಲಭ. ಮಾಡುವಾಗ ಎಲ್ಲಿ ಕೈ ಜಾರುತ್ತೆ ಅನ್ನುವುದನ್ನು ಹಂತ ಹಂತವಾಗಿ ನೋಡೋಣ.

ಮೊದಲು ನಿಮ್ಮ ವಿಷಯ

ಮೆಂಟರ್ ಆಗಲು ಪಿಎಚ್‌ಡಿ ಆಗಿರಲೇಬೇಕು ಅಂತೇನಿಲ್ಲ. ಹೈಸ್ಕೂಲ್ ಮೇಷ್ಟ್ರು, ಎಂಎಸ್ಸಿ ಓದುತ್ತಿರುವವರು, ಇಂಜಿನಿಯರಿಂಗ್ ಕಾಲೇಜಿನ ಲೆಕ್ಚರರ್, ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುವವರು, ರಿಟೈರ್ ಆದ ಲ್ಯಾಬ್ ಟೆಕ್ನಿಷಿಯನ್, ಯಾರಾದರೂ ಆಗಬಹುದು. ಒಂದು ಅಳತೆಯನ್ನು ನಂಬಬಹುದೋ ಇಲ್ಲವೋ ಅಂತ ತೂಗಿ ನೋಡುವ ಅಭ್ಯಾಸ ಇದ್ದರೆ ಸಾಕು.

ಸಮಯ ಮಾತ್ರ ಬೇಕು. ವಾರಕ್ಕೆ ಒಂದು ಗಂಟೆ, ತಪ್ಪದೆ, ಆರರಿಂದ ಒಂಬತ್ತು ತಿಂಗಳು. ಅಷ್ಟು ಕೊಡಲಾಗದಿದ್ದರೆ ಈ ವರ್ಷ ಬೇಡ. ಅರ್ಧಕ್ಕೆ ಕೈಬಿಟ್ಟ ಮೆಂಟರ್‌ಗಿಂತ ಮೆಂಟರೇ ಇಲ್ಲದಿರುವುದು ವಾಸಿ. ಮೊದಲ ಸಲ ಮಾಡುವವರು ಒಬ್ಬರನ್ನೋ ಇಬ್ಬರನ್ನೋ ಮಾತ್ರ ತೆಗೆದುಕೊಳ್ಳಿ. ಐದು ಜನರ ಗುಂಪಿನಲ್ಲಿ ಇಬ್ಬರು ಕೆಲಸ ಮಾಡುತ್ತಾರೆ, ಮೂವರು ಫೋಟೋಗೆ ನಿಲ್ಲುತ್ತಾರೆ.

ಹಂತ 1: ಮಗುವನ್ನು ಆರಿಸುವುದು

ಪ್ರತಿಭಾವಂತರು ಅಂದ ಕೂಡಲೇ ನಾವು ಮಾರ್ಕ್ಸ್ ಕಾರ್ಡ್ ನೋಡುತ್ತೇವೆ. ಕ್ಲಾಸಿಗೆ ಫಸ್ಟ್ ಬರುವ ಮಗು ಸಂಶೋಧನೆಗೂ ಒಗ್ಗಬಹುದು, ಒಗ್ಗದೆಯೂ ಇರಬಹುದು. ಪರೀಕ್ಷೆಯಲ್ಲಿ ಉತ್ತರ ಆಗಲೇ ಯಾರಿಗೋ ಗೊತ್ತಿರುತ್ತೆ. ಇಲ್ಲಿ ಯಾರಿಗೂ ಗೊತ್ತಿರಲ್ಲ. ಯಾವಾಗಲೂ ಸರಿ ಉತ್ತರ ಕೊಟ್ಟೇ ಅಭ್ಯಾಸವಾದ ಮಗುವಿಗೆ ಇದು ತುಂಬಾ ಕಷ್ಟ ಕೊಡುತ್ತೆ.

ಒಂದು ಚಿಕ್ಕ ಪರೀಕ್ಷೆ ಇಡಿ. ಏಳು ದಿನ, ದಿನಾ ಒಂದೇ ಹೊತ್ತಿಗೆ, ಒಂದೇ ವಸ್ತುವನ್ನು ನೋಡಿ ಬರೆದುಕೊಂಡು ಬರಲಿ. ಮನೆ ಮುಂದಿನ ಹೊಂಗೆ ಮರ, ಗೋಡೆ ಮೇಲಿನ ಇರುವೆ ಸಾಲು, ಬಾವಿಯ ನೀರಿನ ಮಟ್ಟ, ಏನಾದರೂ ಸರಿ. ಏಳು ದಿನವೂ ನೀಟಾಗಿ ಬರೆದವರು ಒಳ್ಳೆಯವರು. ಮಂಗಳವಾರ ಮರೆತೆ ಅಂತ ಬರೆದವರು ಇನ್ನೂ ಒಳ್ಳೆಯವರು. ಏಳನೇ ದಿನ ನೀವು ಕೇಳದೇ ಇದ್ದ ಒಂದು ಪ್ರಶ್ನೆ ತಂದರಲ್ಲ, ಅವರನ್ನು ಬಿಡಬೇಡಿ.

ಕ್ಯಾಲೆಂಡರನ್ನೂ ನೋಡಿಕೊಳ್ಳಿ. ನಮ್ಮಲ್ಲಿ ಎಂಟು, ಒಂಬತ್ತನೇ ಕ್ಲಾಸು ಚಿನ್ನದಂಥ ಕಾಲ. ಮೊದಲ ಪಿಯುಸಿಯೂ ನಡೆಯುತ್ತೆ. ಹತ್ತನೇ ಕ್ಲಾಸು, ಎರಡನೇ ಪಿಯುಸಿ ಮಕ್ಕಳ ತಲೆ ತುಂಬ ಬೋರ್ಡು, ಸಿಇಟಿ, ನೀಟ್, ಜೆಇಇ. ಆಗ ಇದನ್ನು ಹೇರಿದರೆ ಎರಡೂ ಕೆಡುತ್ತೆ. ಅಪ್ಪ ಅಮ್ಮನ ಜೊತೆ ಮೊದಲ ವಾರವೇ ಕೂತು ಮಾತಾಡಿ. ಇದರಿಂದ ಮಾರ್ಕ್ಸ್ ಬರಲ್ಲ, ಸೀಟು ಸಿಗುತ್ತೆ ಅನ್ನುವ ಭರವಸೆ ಇಲ್ಲ, ವಾರಕ್ಕೆ ನಾಲ್ಕೈದು ಗಂಟೆ ಹೋಗುತ್ತೆ ಅಂತ ಬಿಡಿಸಿ ಹೇಳಿ. ಮಾತುಕತೆ ಎಲ್ಲ ಶಾಲೆಯಲ್ಲೋ ಲೈಬ್ರರಿಯಲ್ಲೋ, ನಾಲ್ಕು ಜನ ಓಡಾಡುವ ಕಡೆಯೇ ಆಗಲಿ. ಮೆಸೇಜ್ ಕಳಿಸುವ ಗುಂಪಿನಲ್ಲಿ ಮನೆಯವರೋ ಶಾಲೆಯ ಮೇಷ್ಟ್ರೋ ಇರಲಿ. ಇದರಲ್ಲಿ ಸಂಕೋಚ ಪಡುವಂಥದ್ದೇನಿಲ್ಲ.

ಹಂತ 2: ಪ್ರಶ್ನೆ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿಯಬೇಕಾದ್ದು ಇಲ್ಲಿ. ಒಂದು ತಿಂಗಳು ಹೋದರೂ ಪರವಾಗಿಲ್ಲ.

ಮಕ್ಕಳು ಮೊದಲು ತರುವ ವಿಷಯಗಳು ಸಾಮಾನ್ಯವಾಗಿ ಹೀಗಿರುತ್ತವೆ: ನೀರಿನ ಮಾಲಿನ್ಯ ತಡೆಯುವುದು ಹೇಗೆ, ಪ್ಲಾಸ್ಟಿಕ್‌ಗೆ ಪರಿಹಾರ, ಕ್ಯಾನ್ಸರ್‌ಗೆ ಎಐ. ಇವು ಭಾಷಣದ ವಿಷಯಗಳು. ಬೈಯಬೇಡಿ. ನಿಮ್ಮನೆಯಲ್ಲಿ ನಿನಗೆ ವಿಚಿತ್ರ ಅನಿಸಿದ್ದೇನು ಅಂತ ಕೇಳಿ.

ಒಂದು ಉದಾಹರಣೆ ಇಟ್ಟುಕೊಂಡು ಕೊನೆಯವರೆಗೂ ಅದನ್ನೇ ಹಿಡಿದು ಹೋಗೋಣ. ಚಳ್ಳಕೆರೆ ಕಡೆಯ ಒಂಬತ್ತನೇ ಕ್ಲಾಸಿನ ಹುಡುಗಿ ಅಂದುಕೊಳ್ಳಿ. ಬೇಸಿಗೆ ರಜೆಗೆ ಮಂಗಳೂರಿನ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ನಮ್ಮೂರಲ್ಲಿ ಮಡಕೆ ನೀರು ಅಷ್ಟು ತಣ್ಣಗಿರುತ್ತೆ, ಅಲ್ಲಿ ಯಾಕೆ ಇರಲ್ಲ ಅನ್ನುವುದು ಅವಳ ಪ್ರಶ್ನೆ. ಒಳ್ಳೆಯ ಪ್ರಶ್ನೆ ಅಲ್ವಾ? ಇಲ್ಲಿ ನಿಮ್ಮ ನಾಲಿಗೆ ತುರಿಸುತ್ತೆ. ತೇವಾಂಶ ಕಣಮ್ಮ, ಆವಿಯಾಗೋದು ಕಡಿಮೆ ಅಂತ ಹೇಳಿಬಿಡಬೇಕು ಅನಿಸುತ್ತೆ. ಹೇಳಿದಿರೋ, ಅಲ್ಲಿಗೆ ಮುಗಿಯಿತು. ಬದಲಿಗೆ ತಿರುಗಿ ಕೇಳಿ: ಎರಡು ಮನೆಗಳಲ್ಲಿ ಏನೇನು ಬೇರೆ ಇತ್ತು?

ಅವಳು ಪಟ್ಟಿ ಮಾಡುತ್ತಾಳೆ. ಊರು ಬೇರೆ, ಬಿಸಿಲು ಬೇರೆ, ಮಡಕೆ ಬೇರೆ, ಇಟ್ಟ ಜಾಗ ಬೇರೆ, ನೀರು ಬೇರೆ. ಆಮೇಲೆ ಅಜ್ಜಿ ಹೇಳಿದ ಒಂದು ಮಾತು ಬರುತ್ತೆ: ಹಳೇ ಮಡಕೆ ತಣ್ಣಗಾಗಲ್ಲ, ಎರಡು ವರ್ಷಕ್ಕೊಮ್ಮೆ ಹೊಸದು ತರಬೇಕು. ಯಾಕೆ? ಮಡಕೆ ಹೊರಮೈಗೆ ಬಿಳಿ ಪೊರೆ ಕಟ್ಟುತ್ತೆ. ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು, ಕ್ಯಾಲ್ಸಿಯಂ ಉಪ್ಪು ಅದರಲ್ಲಿ ಧಾರಾಳ. ನೀರು ಜಿನುಗಿ ಆವಿಯಾಗಲು ದಾರಿಯಾದ ಮಣ್ಣಿನ ಸಣ್ಣ ರಂಧ್ರಗಳನ್ನು ಆ ಉಪ್ಪು ಮುಚ್ಚುತ್ತಿದೆಯಾ?

ನೋಡಿ, ಪ್ರಶ್ನೆ ಎಲ್ಲಿಂದ ಎಲ್ಲಿಗೆ ಬಂತು. ಊರು ಊರಿನ ವ್ಯತ್ಯಾಸದ ಉತ್ತರ ಪುಸ್ತಕದಲ್ಲಿ ಸಿಗುತ್ತೆ. ಆದರೆ ನಮ್ಮೂರ ಗಡಸು ನೀರು ಹಾಕಿದ ಮಡಕೆ ಎಷ್ಟು ದಿನಕ್ಕೆ ಎಷ್ಟು ತಂಪು ಕಳೆದುಕೊಳ್ಳುತ್ತೆ ಅನ್ನುವುದು ಅವಳೇ ಅಳೆಯಬಹುದಾದ ಪ್ರಶ್ನೆ. ನಿಮಗೂ ಅದರ ಉತ್ತರ ಗೊತ್ತಿಲ್ಲ.

ಪ್ರಶ್ನೆ ಗಟ್ಟಿಯಾಯಿತಾ ಅಂತ ನೋಡಲು ಹೀಗೆ ಕೇಳಿಕೊಳ್ಳಿ. ಇದಕ್ಕೆ ಸಂಖ್ಯೆಯಲ್ಲಿ ಉತ್ತರ ಬರುತ್ತಾ? ಕೈಗೆ ಸಿಗುವ ಸಾಮಾನಿನಲ್ಲಿ ಆಗುತ್ತಾ? ಮೂರು ತಿಂಗಳಲ್ಲಿ ಅಳತೆ ಮುಗಿಯುತ್ತಾ? ಉತ್ತರ ಹೌದು ಬಂದರೂ ಇಲ್ಲ ಬಂದರೂ ಹೇಳಿಕೊಳ್ಳುವಂಥದ್ದೇ ಆಗಿರುತ್ತಾ? ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ. ಹೌದು ಅಂತ ಬಂದರೆ ಮಾತ್ರ ಪ್ರಾಜೆಕ್ಟು, ಇಲ್ಲ ಅಂದರೆ ವರ್ಷ ಹಾಳು ಅನ್ನುವಂಥ ಪ್ರಶ್ನೆಯನ್ನು ಮಕ್ಕಳ ಹೆಗಲಿಗೆ ಹಾಕಬೇಡಿ. ಆ ಒತ್ತಡದಲ್ಲೇ ಸುಳ್ಳು ರೀಡಿಂಗ್ ಹುಟ್ಟೋದು.

ವಿಜ್ಞಾನವೇ ಆಗಬೇಕು ಅಂತಿಲ್ಲ. ಊರಿನ ಹೊಲಗಳ ಹೆಸರು, ಸಂತೆಯಲ್ಲಿ ಬಳಸುವ ಹಳೆಯ ಅಳತೆಗಳು, ಮೂರು ತಲೆಮಾರು ಒಂದೇ ವಸ್ತುವಿಗೆ ಬಳಸುವ ಬೇರೆ ಬೇರೆ ಪದಗಳು, ಎಲ್ಲವೂ ಸಂಶೋಧನೆಯ ವಿಷಯಗಳೇ. ಗಣಿತವೂ ಆಗುತ್ತೆ, ಆದರೆ ಅದಕ್ಕೆ ಗಣಿತ ಬಲ್ಲ ಮೆಂಟರೇ ಬೇಕು.

ಹಂತ 3: ಓದು

ಮೊದಲೇ ಇಪ್ಪತ್ತು ಪೇಪರ್ ಕೊಟ್ಟು ಕೂರಿಸಬೇಡಿ. ಎರಡು ಸಾಕು. ಓದುವ ಕ್ರಮ ಕಲಿಸಿ: ತಲೆಬರಹ, ಆಮೇಲೆ ಚಿತ್ರಗಳು ಮತ್ತು ಗ್ರಾಫ್‌ಗಳು, ಆಮೇಲೆ ಕೊನೆಯ ಭಾಗ, ಕಟ್ಟಕಡೆಗೆ ವಿಧಾನ. ಅರ್ಥವಾಗದ ಪದಗಳ ಪಟ್ಟಿ ಬೇರೆ ಇರಲಿ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ 1996ರಿಂದ ತರುತ್ತಿರುವ ರೆಸೊನೆನ್ಸ್ ಪತ್ರಿಕೆಯ ಲೇಖನಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಪಿಯುಸಿ ಮಕ್ಕಳಿಗೆ ಸ್ವಲ್ಪ ಕೈಹಿಡಿದರೆ ಓದಿಸಬಹುದು. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಅನ್ನುವ ಜಾಲತಾಣದಲ್ಲಿವೆ. ಕನ್ನಡದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲ ವಿಜ್ಞಾನ ಇದೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಪೇಪರ್ ಅಂದರೆ ಎದೆ ಢವಢವ. ಒಂದು ಪ್ಯಾರಾ ನೀವು ಓದಿ, ಕನ್ನಡದಲ್ಲಿ ಹೇಳಿ. ಮುಂದಿನದು ಅವರು ಓದಿ ಹೇಳಲಿ. ಓದಿದ್ದನ್ನು ಅಜ್ಜಿಗೆ ಹೇಳಿ ಬಾ ಅಂತ ಕಳಿಸಿ. ಅಜ್ಜಿಗೆ ಅರ್ಥವಾಗದಿದ್ದರೆ ಮೊಮ್ಮಗಳಿಗೂ ಪೂರ್ತಿ ಅರ್ಥವಾಗಿಲ್ಲ.

ಎಐ ಚಾಟ್ ಬಳಸಬಹುದಾ? ಕಷ್ಟದ ಪ್ಯಾರಾ ಬಿಡಿಸಿಕೊಳ್ಳಲು ಬಳಸಲಿ. ಆದರೆ ಅದು ಕೊಡುವ ಪೇಪರ್‌ಗಳ ಹೆಸರು ಕೆಲವೊಮ್ಮೆ ಲೋಕದಲ್ಲೇ ಇರಲ್ಲ. ಪ್ರತಿಯೊಂದನ್ನೂ ಹುಡುಕಿ, ತೆರೆದು ನೋಡಿದ ಮೇಲೆ ಮಾತ್ರ ನೋಟ್‌ಬುಕ್ಕಿಗೆ ಹತ್ತಲಿ. ಬರವಣಿಗೆ ಪೂರ್ತಿ ಅದರಿಂದ ಮಾಡಿಸಿದರೆ ನೀವು ಮಾತಾಡಿಸುತ್ತಿರುವುದು ಮಗುವನ್ನಲ್ಲ.

ಓದಿನಿಂದ ನಮ್ಮ ಹುಡುಗಿಗೆ ಏನು ಸಿಗುತ್ತೆ? ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೌಲ್ ಶಾಖ ಬೇಕು. ಒಂದು ಲೀಟರ್ ನೀರು ಒಂದು ಡಿಗ್ರಿ ತಣ್ಣಗಾಗಲು ಸುಮಾರು 4,200 ಜೌಲ್ ಹೊರಗೆ ಹೋಗಬೇಕು. ಅಂದರೆ ಸುಮಾರು 1.7 ಗ್ರಾಂ ಆವಿಯಾದರೆ ಒಂದು ಲೀಟರ್ ಒಂದು ಡಿಗ್ರಿ ಇಳಿಯಬಹುದು. ಹೊರಗಿನಿಂದ ಶಾಖ ಒಳಬರುವುದರಿಂದ ನಿಜದಲ್ಲಿ ಇನ್ನೂ ಜಾಸ್ತಿ ಬೇಕು. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಎಲ್ಲಿಗೆ ನಿಲ್ಲುತ್ತೋ ಅದೇ ಮಡಕೆ ಮುಟ್ಟಬಹುದಾದ ತಳ. ಗಾಳಿ 38 ಡಿಗ್ರಿ, ತೇವಾಂಶ ಶೇ. 20 ಇದ್ದರೆ ಆ ತಳ ಸುಮಾರು 21 ಡಿಗ್ರಿ. 33 ಡಿಗ್ರಿ, ಶೇ. 75 ಇದ್ದರೆ ಸುಮಾರು 29. ಬಯಲುಸೀಮೆಯಲ್ಲಿ 17 ಡಿಗ್ರಿ ಇಳಿಯುವಷ್ಟು ಅವಕಾಶ, ಕರಾವಳಿಯಲ್ಲಿ ಬರೀ ನಾಲ್ಕು. ಚಿಕ್ಕಮ್ಮನ ಮನೆ ಮಡಕೆಯ ತಪ್ಪೇನೂ ಇಲ್ಲ!

ಈ ಲೆಕ್ಕವನ್ನು ಅವಳೇ ಮಾಡಲಿ. ಅರ್ಧ ಗಂಟೆಯ ಕೆಲಸಕ್ಕೆ ಎರಡು ವಾರ ತೆಗೆದುಕೊಂಡರೂ ಸರಿ.

ಹಂತ 4: ನೋಟ್‌ಬುಕ್

ಉದ್ದನೆಯ, ಹೊಲಿಗೆ ಹಾಕಿದ ಪುಸ್ತಕ. ಹಾಳೆ ಕೀಳಲು ಬರಬಾರದು. ಪುಟಸಂಖ್ಯೆ ಮೊದಲೇ ಬರೆದಿರಲಿ. ಪೆನ್ನಿನಲ್ಲೇ ಬರೆಯಬೇಕು. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು. ವೈಟ್ನರ್ ಮುಟ್ಟುವಂತಿಲ್ಲ. ಸಂಜೆ ನೀಟಾಗಿ ಕಾಪಿ ಮಾಡ್ತೀನಿ ಅನ್ನುವ ಮಕ್ಕಳು ಬಹಳ. ಒಪ್ಪಬೇಡಿ. ನೀಟಾದ ಪುಸ್ತಕ ನಮ್ಮ ಶಾಲೆಗಳು ಕಲಿಸಿದ ರೋಗ. ಮಧ್ಯಾಹ್ನ 2.10, ಅಮ್ಮ ಎರಡು ಲೋಟ ನೀರು ತೆಗೆದರು, ಕರೆಂಟು ಹೋಗಿ ಫ್ಯಾನ್ ನಿಂತಿತ್ತು: ಇಂಥ ಸಾಲುಗಳೇ ಆಮೇಲೆ ಕಾಪಾಡುವುದು.

ಹಂತ 5: ಸುರಕ್ಷತೆ, ಒಪ್ಪಿಗೆ

ಇದು ಅಳತೆ ಶುರುವಾಗುವ ಮುಂಚೆ ಆಗಬೇಕು. ಆಮೇಲೆ ಕಾಗದ ಜೋಡಿಸುತ್ತೇವೆ ಅಂದರೆ ದೊಡ್ಡ ಮೇಳಗಳಲ್ಲಿ ಹೊರಗೆ ಹಾಕುತ್ತಾರೆ, ಹಾಕಬೇಕಾದ್ದೇ. ಅಮೆರಿಕದಲ್ಲಿ ನಡೆಯುವ ಹೈಸ್ಕೂಲ್ ಮಕ್ಕಳ ಅಂತರರಾಷ್ಟ್ರೀಯ ವಿಜ್ಞಾನ ಮೇಳ ಐಸೆಫ್‌ನ ನಿಯಮದಲ್ಲಿ ಮನೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವಂತೆಯೇ ಇಲ್ಲ, ನಿರುಪದ್ರವಿ ಅನಿಸಿಕೊಂಡಿದ್ದನ್ನೂ. ಮೊಬೈಲ್ ಮೇಲಿನ ಕ್ರಿಮಿ ಬೆಳೆಸಿ ನೋಡೋಣ ಅಂತ ಅಡುಗೆಮನೆಯಲ್ಲಿ ಮಾಡುವ ಪ್ರಾಜೆಕ್ಟುಗಳು ನಮ್ಮಲ್ಲಿ ತುಂಬಾ ಇವೆಯಲ್ಲ, ಅವೆಲ್ಲ ಅಲ್ಲಿ ನಡೆಯಲ್ಲ.

ಜನರನ್ನು ಪ್ರಶ್ನೆ ಕೇಳುವ ಸಮೀಕ್ಷೆಗೂ ಮೊದಲೇ ಒಪ್ಪಿಗೆ ಬೇಕು. ಮಕ್ಕಳನ್ನು ಕೇಳುವುದಾದರೆ ಅವರ ಮನೆಯವರ ಒಪ್ಪಿಗೆಯೂ. ಕಾಡುಪ್ರಾಣಿ, ಹಕ್ಕಿ, ಹಾವು ಹಿಡಿಯುವ ಮಾತೇ ಬೇಡ. 1972ರ ವನ್ಯಜೀವಿ ಕಾಯ್ದೆ ಇದೆ. ದೂರದಿಂದ ಎಣಿಸಿ, ಮುಟ್ಟದೆ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಕೆರೆ ನೀರಿನ ಸ್ಯಾಂಪಲ್ ತರಲು ಮಗುವನ್ನು ಒಂಟಿಯಾಗಿ ಕಳಿಸಬೇಡಿ, ಈಜು ಬಂದರೂ.

ಹಂತ 6: ಪ್ರಯೋಗ ಕಟ್ಟುವುದು

ಮಡಕೆಗೆ ವಾಪಸ್ ಬರೋಣ. ಹುಡುಗಿಯ ಮೊದಲ ಯೋಜನೆ ಹೀಗಿರುತ್ತೆ: ಒಂದು ಹಳೇ ಮಡಕೆ, ಒಂದು ಹೊಸ ಮಡಕೆ, ಎರಡರಲ್ಲೂ ನೀರು, ಎರಡರಲ್ಲೂ ಥರ್ಮಾಮೀಟರ್. ತಪ್ಪು ಅನ್ನಬೇಡಿ. ಮಾಡು ಅನ್ನಿ. ಒಂದು ವಾರ ಮಾಡಿದ ಮೇಲೆ ಕೇಳಿ: ಈ ವ್ಯತ್ಯಾಸ ಹಳೇದು ಹೊಸದು ಅನ್ನುವುದರಿಂದ ಬಂದಿದ್ದಾ, ಇಬ್ಬರು ಕುಂಬಾರರು ಮಾಡಿದ್ದರಿಂದ ಬಂದಿದ್ದಾ? ಅವಳು ತಲೆ ಕೆರೆದುಕೊಳ್ಳುತ್ತಾಳೆ. ಕಂಟ್ರೋಲ್, ಅಂದರೆ ಪರೀಕ್ಷಿಸುವ ಒಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೇ ಥರ ಇರುವಂತೆ ನೋಡಿಕೊಳ್ಳುವುದು, ಅನ್ನುವ ಪದ ಕಲಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲ್ಲ.

ಎರಡನೇ ಯೋಜನೆ. ಒಬ್ಬನೇ ಕುಂಬಾರನಿಂದ, ಒಂದೇ ಆವಿಗೆಯಲ್ಲಿ ಬೆಂದ ಹನ್ನೆರಡು ಚಿಕ್ಕ ಕುಡಿಕೆ. ಒಂದರಿಂದ ಹನ್ನೆರಡರವರೆಗೆ ನಂಬರ್. ಚೀಟಿ ಎತ್ತಿ ಆರನ್ನು ಬೋರ್‌ವೆಲ್ ನೀರಿಗೆ, ಆರನ್ನು ಶುದ್ಧೀಕರಿಸಿದ ನೀರಿಗೆ ಹಂಚಬೇಕು. ಚೀಟಿ ಯಾಕೆ? ಕಣ್ಣಿಗೆ ಚೆನ್ನಾಗಿ ಕಂಡವನ್ನೆಲ್ಲ ಒಂದೇ ಕಡೆ ಇಡುವ ಚಾಳಿ ನಮಗೆಲ್ಲ ಇದೆ. ಹಂಚುವ ಮುಂಚೆ ಹನ್ನೆರಡನ್ನೂ ಒಂದೇ ನೀರಿನಲ್ಲಿ ಮೂರು ದಿನ ಅಳೆದು, ಯಾವುದು ಎಷ್ಟು ತಣ್ಣಗಾಗುತ್ತೆ ಅಂತ ಬರೆದಿಟ್ಟುಕೊಳ್ಳಬೇಕು. ಆಮೇಲೆ ವಾರಕ್ಕೊಮ್ಮೆ, ಎಂಟು ವಾರ, ಅದೇ ಅಳತೆ. ನೆರಳಿನಲ್ಲಿ, ಒಂದೇ ಸಾಲಿನಲ್ಲಿ, ವಾರವಾರ ಜಾಗ ಅದಲುಬದಲು ಮಾಡುತ್ತಾ. ಕಿಟಕಿ ಪಕ್ಕದ ಕುಡಿಕೆಗೆ ಗಾಳಿ ಜಾಸ್ತಿ, ಅದಕ್ಕೇ.

ಅಳೆಯುವುದು ಎರಡು: ನೀರಿನ ಉಷ್ಣತೆ ಮತ್ತು ಕಡಿಮೆಯಾದ ತೂಕ. ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ, ನೀರಿಗಿಳಿಸುವ ಡಿಜಿಟಲ್ ಥರ್ಮಾಮೀಟರ್, ಎರಡೂ ಕೆಲವು ನೂರು ರೂಪಾಯಿಯಲ್ಲಿ ಸಿಗುತ್ತವೆ. ಥರ್ಮಾಮೀಟರನ್ನು ಪ್ರತಿ ಸಲ ಒಂದೇ ಆಳಕ್ಕೆ ಇಳಿಸಬೇಕು. ಸಣ್ಣ ವಿಷಯ ಅನಿಸಬಹುದು. ಎಂಪೆಂಬಾನ ಬಿಸಿನೀರಿನ ಕಥೆ ಇವತ್ತಿಗೂ ಪೂರ್ತಿ ಇತ್ಯರ್ಥವಾಗಿಲ್ಲ. 2016ರಲ್ಲಿ ಬ್ರಿಟನ್ನಿನ ಇಬ್ಬರು ವಿಜ್ಞಾನಿಗಳು ಥರ್ಮಾಮೀಟರ್ ಸ್ವಲ್ಪ ಮೇಲೆ ಕೆಳಗಾದರೂ ಫಲಿತಾಂಶ ತಿರುಗಬಹುದು ಅಂತ ತೋರಿಸಿದರು.

ಸರಳ ಪ್ರಯೋಗವನ್ನು ಕೀಳಾಗಿ ನೋಡುವವರಿಗೆ ಎಮಿಲಿ ರೋಸಾಳ ಕಥೆ ಹೇಳಿ. ಕೈ ಮುಟ್ಟಿಸದೆಯೇ ರೋಗಿಯ ಶಕ್ತಿಯ ಹರಿವನ್ನು ಅಂಗೈಯಲ್ಲಿ ಗ್ರಹಿಸುತ್ತೇವೆ ಅನ್ನುವ ಚಿಕಿತ್ಸಕರು ಅಮೆರಿಕದಲ್ಲಿದ್ದರು. ಒಂಬತ್ತು ವರ್ಷದ ಎಮಿಲಿ ಒಂದು ರಟ್ಟಿನ ಪರದೆ ನಿಲ್ಲಿಸಿದಳು. ಅವರು ಪರದೆಯಾಚೆಗೆ ಎರಡೂ ಕೈ ಚಾಚಬೇಕು. ಇವಳು ನಾಣ್ಯ ಚಿಮ್ಮಿ, ಯಾವುದೋ ಒಂದು ಕೈಯ ಮೇಲೆ ತನ್ನ ಕೈ ಹಿಡಿಯುತ್ತಾಳೆ. ಯಾವ ಕೈ ಅಂತ ಅವರು ಹೇಳಬೇಕು. 21 ಜನ, 280 ಸಲ. ಸರಿ ಹೇಳಿದ್ದು ಶೇ. 44. ಸುಮ್ನೆ ಊಹಿಸಿದ್ದರೂ ಶೇ. 50 ಬರುತ್ತಿತ್ತು! 1998ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆ ಅದನ್ನು ಪ್ರಕಟಿಸಿತು. ಖರ್ಚಾಗಿದ್ದು ಒಂದು ರಟ್ಟು. ಪರದೆಯ ಆಚೆ ಯಾರ ಕೈ ಎಲ್ಲಿದೆ ಅಂತ ಉತ್ತರ ಹೇಳುವವರಿಗೆ ಗೊತ್ತಾಗದಂತೆ ನೋಡಿಕೊಂಡಿದ್ದೇ ಅವಳ ಜಾಣತನ.

ನಮ್ಮ ಹುಡುಗಿಗೂ ಅದು ಅನ್ವಯಿಸುತ್ತೆ. ಉಷ್ಣತೆ ಓದುವಾಗ ಯಾವ ಕುಡಿಕೆಗೆ ಯಾವ ನೀರು ಅಂತ ಗೊತ್ತಿರದಿದ್ದರೆ ಒಳ್ಳೆಯದು. ತಮ್ಮ ನೀರು ತುಂಬಿಸಲಿ, ಇವಳು ಬರೀ ನಂಬರ್ ನೋಡಿ ಬರೆಯಲಿ.

ಹಂತ 7: ವಾರದ ಒಂದು ಗಂಟೆ

ಮೂರು ಮಾತಿನಿಂದ ಶುರು ಮಾಡಿ: ಏನು ಮಾಡಿದೆ, ಏನು ಎಡವಟ್ಟಾಯಿತು, ಮುಂದಿನ ವಾರ ಏನು ಮಾಡ್ತೀಯ. ಎರಡನೇ ಪ್ರಶ್ನೆಯನ್ನು ಯಾವತ್ತೂ ಬಿಡಬೇಡಿ. ಎಡವಟ್ಟು ಹೇಳಿಕೊಂಡರೆ ಬೈಗುಳ ಬೀಳಲ್ಲ ಅಂತ ಮಗುವಿಗೆ ಅರ್ಥವಾಗಲು ಒಂದು ತಿಂಗಳಾದರೂ ಬೇಕು. ನಿಮ್ಮ ಎಡವಟ್ಟುಗಳನ್ನೂ ಹೇಳಿ.

ಸುಮಾರು ಮೂರನೇ ತಿಂಗಳಿಗೆ ಒಂದು ಬೇಸರ ಬರುತ್ತೆ. ಬಂದೇ ಬರುತ್ತೆ. ಕುಡಿಕೆ ಒಡೆಯುತ್ತೆ, ಮಳೆ ಬಂದು ತೇವಾಂಶ ಏರುತ್ತೆ, ಯೂನಿಟ್ ಟೆಸ್ಟ್ ಇರುತ್ತೆ. ಆಗ ಮೆಂಟರ್‌ಗಳು ಮಾಡುವ ದೊಡ್ಡ ತಪ್ಪು, ಕೊಡು ನಾನೇ ಮಾಡಿಬಿಡ್ತೀನಿ ಅನ್ನೋದು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ದೊಡ್ಡಪ್ಪನ ಮಗ ಮಾಡಿಕೊಟ್ಟ ಥರ್ಮೋಕೋಲ್ ಜ್ವಾಲಾಮುಖಿಗೆ ಬಹುಮಾನ ಬಂದಿತ್ತು. ತೀರ್ಪುಗಾರರು ಒಂದು ಪ್ರಶ್ನೆ ಕೇಳಿದ್ದರೆ ಮುಗಿದೇ ಹೋಗುತ್ತಿತ್ತು. ಪುಣ್ಯಕ್ಕೆ ಕೇಳಲಿಲ್ಲ. ಬಹುಮಾನಕ್ಕೆ ಕೊಟ್ಟ ಆ ಲೋಟ ಅಟ್ಟದ ಮೇಲೆ ಇನ್ನೂ ಇದೆ, ನೋಡಿದಾಗೆಲ್ಲ ಮುಜುಗರ.

ಬೇಸರದ ವಾರದಲ್ಲಿ ಕೆಲಸ ಚಿಕ್ಕದು ಮಾಡಿ, ನಿಲ್ಲಿಸಬೇಡಿ. ಹನ್ನೆರಡರ ಬದಲು ನಾಲ್ಕೇ ಕುಡಿಕೆ ಅಳೆದು, ಈ ವಾರ ನಾಲ್ಕೇ ಅಂತ ಬರೆಯಲಿ.

ರೀಡಿಂಗ್ ಕಟ್ಟುಕಥೆ ಅನಿಸಿದರೆ? ಗುರುತು ಸಿಗುತ್ತೆ. ಎಲ್ಲ ಅಂಕಿಗಳೂ .0 ಅಥವಾ .5ರಲ್ಲಿ ಮುಗಿಯುತ್ತವೆ, ಏರಿಳಿತ ಅತಿ ನಯವಾಗಿರುತ್ತೆ, ಹಬ್ಬದ ದಿನವೂ ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಅಳೆದಿರುತ್ತಾರೆ. ನಾಲ್ಕು ಜನರ ಮುಂದೆ ಹಿಡಿಯಬೇಡಿ. ಬಾ, ಇದನ್ನು ಇಬ್ಬರೂ ಸೇರಿ ಇನ್ನೊಂದು ಸಲ ಅಳೆಯೋಣ ಅನ್ನಿ. ಸುಳ್ಳು ಬರೆದಿದ್ದರೆ ಮಗುವೇ ಹೇಳಿಬಿಡುವ ಸಾಧ್ಯತೆ ಜಾಸ್ತಿ. ಆ ಪುಟಗಳಿಗೆ ಅಡ್ಡಗೆರೆ ಎಳೆದು, ಯಾಕೆ ಅಂತ ಒಂದು ಸಾಲು ಬರೆದು ಮುಂದೆ ಹೋಗಿ. ಎರಡನೇ ಸಲ ಆದರೆ ಮಾತ್ರ ಪ್ರಾಜೆಕ್ಟ್ ನಿಲ್ಲಿಸಿ.

ಹಂತ 8: ಅಂಕಿಗಳ ಜೊತೆ ಕೂರುವುದು

ಮೊದಲ ಗ್ರಾಫ್ ಕೈಯಲ್ಲೇ, ಗ್ರಾಫ್ ಶೀಟಿನ ಮೇಲೆ. ಎಲ್ಲ ಚುಕ್ಕೆಗಳೂ ಬರಲಿ, ಬರೀ ಸರಾಸರಿಯಲ್ಲ. ಹನ್ನೆರಡು ಕುಡಿಕೆಗಳ ಚುಕ್ಕೆ ನೋಡಿದಾಗ, ಒಂದೇ ಗುಂಪಿನ ಕುಡಿಕೆ ಕುಡಿಕೆಯ ನಡುವೆಯೇ ಎಷ್ಟು ವ್ಯತ್ಯಾಸ ಅಂತ ಕಣ್ಣಿಗೇ ಕಾಣುತ್ತೆ. ಎರಡು ಗುಂಪಿನ ನಡುವಿನ ಅಂತರ ಅದಕ್ಕಿಂತ ದೊಡ್ಡದಾ? ಈ ಒಂದು ಪ್ರಶ್ನೆ ಅರ್ಥವಾದರೆ ಸಂಖ್ಯಾಶಾಸ್ತ್ರದ ಅರ್ಧ ದಾರಿ ಸವೆದಂತೆ. ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಆಮೇಲೆ ಕಲಿಯಲಿ, ಟಿ-ಟೆಸ್ಟ್ (ಎರಡು ಗುಂಪಿನ ಅಂತರ ಬರೀ ಆಕಸ್ಮಿಕವಾ ಅಂತ ನೋಡುವ ಲೆಕ್ಕ) ಪಿಯುಸಿಯಲ್ಲಿ ಸಾಕು. ಉಳಿದವುಗಳ ಜೊತೆ ಹೊಂದದ ಒಂದು ಅಂಕಿ ಬಂದರೆ ಅಳಿಸುವ ಮುಂಚೆ ನೋಟ್‌ಬುಕ್ ತೆರೆಯಲಿ. ಅಮ್ಮ ನೀರು ತೆಗೆದ ದಿನವೇ ಅದು?

ಎಂಟು ವಾರದ ಕೊನೆಗೆ ವ್ಯತ್ಯಾಸವೇ ಕಾಣಲಿಲ್ಲ ಅಂದುಕೊಳ್ಳಿ. ಹುಡುಗಿ ಮುಖ ಸಣ್ಣದು ಮಾಡುತ್ತಾಳೆ. ಆಗ ಕೇಳಿ: ಎಂಟು ವಾರಕ್ಕೆ ರಂಧ್ರ ಮುಚ್ಚಲ್ಲ ಅಂತ ನಿನಗೆ ಮೊದಲು ಗೊತ್ತಿತ್ತಾ? ಅಜ್ಜಿ ಹೇಳಿದ್ದು ಎರಡು ವರ್ಷ ಅಲ್ವಾ? ಹಾಗಾದರೆ ನಿನ್ನ ಅಳತೆಗೂ ಅಜ್ಜಿಯ ಮಾತಿಗೂ ಜಗಳವೇ ಇಲ್ಲ. ಎರಡು ವರ್ಷ ಬಳಸಿದ ಮಡಕೆಯನ್ನು ನಿಂಬೆರಸದಲ್ಲೋ ವಿನೆಗರ್‌ನಲ್ಲೋ ನೆನೆಸಿ, ಮುಂಚೆ ಮತ್ತು ಆಮೇಲೆ ಅಳೆದರೆ ಏನಾಗಬಹುದು ಅಂತ ಅವಳಿಗೇ ಹೊಳೆಯಲು ಬಿಡಿ. ಐದು ನಿಮಿಷ ಬಾಯಿ ಮುಚ್ಚಿ ಕೂರುವುದು ಮೆಂಟರ್‌ಗೆ ಬರಬೇಕಾದ ವಿದ್ಯೆ.

ಹಂತ 9: ಬರೆಯುವುದು

ಏನು ಕೇಳಿದೆ, ಯಾಕೆ, ಹೇಗೆ ಅಳೆದೆ, ಏನು ಸಿಕ್ಕಿತು, ಯಾವುದನ್ನು ನಂಬಬಹುದು ಯಾವುದನ್ನು ನಂಬಬಾರದು, ಇನ್ನೇನು ಗೊತ್ತಾಗಬೇಕು. ಇಷ್ಟೇ ಕ್ರಮ. ವಿಧಾನದ ಭಾಗವನ್ನು ಮೊದಲು ಬರೆಸಿ, ಅದು ಸುಲಭ. ಮೊದಲ ಕರಡು ಯಾವ ಭಾಷೆಯಲ್ಲಿ ಯೋಚನೆ ಬರುತ್ತೋ ಆ ಭಾಷೆಯಲ್ಲಿ. ನೀವು ಅಂಚಿನಲ್ಲಿ ಪ್ರಶ್ನೆ ಮಾತ್ರ ಬರೆಯಿರಿ, ವಾಕ್ಯ ತಿದ್ದಬೇಡಿ.

ಮಕ್ಕಳ ಮಾತು ಮಕ್ಕಳ ಮಾತಾಗಿಯೇ ಇದ್ದರೆ ಪ್ರಕಟವಾಗಲ್ಲ ಅನ್ನುವವರಿಗೆ ಇಂಗ್ಲೆಂಡಿನ ಬ್ಲಾಕಾಟನ್ ಶಾಲೆಯ ಕಥೆ ಇದೆ. ಎಂಟರಿಂದ ಹತ್ತು ವರ್ಷದ 25 ಮಕ್ಕಳು ದುಂಬಿಜೇನುಗಳು ಬಣ್ಣ ಮತ್ತು ವಿನ್ಯಾಸ ನೋಡಿ ಹೂ ಆರಿಸುವುದನ್ನು ಕಲಿಯುತ್ತವಾ ಅಂತ ಪರೀಕ್ಷಿಸಿದರು. 2010ರಲ್ಲಿ ರಾಯಲ್ ಸೊಸೈಟಿಯ ಬಯಾಲಜಿ ಲೆಟರ್ಸ್ ಪತ್ರಿಕೆಯಲ್ಲಿ ಬಂತು. ಬರಹ ಶುರುವಾಗುವುದು ಒಂದಾನೊಂದು ಕಾಲದಲ್ಲಿ ಅಂತ. ಚಿತ್ರಗಳು ಬಣ್ಣದ ಪೆನ್ಸಿಲ್ಲಿನವು. ಮಾರ್ಗದರ್ಶಕ ವಿಜ್ಞಾನಿ ಆ ಭಾಷೆಯನ್ನು ಹಾಗೇ ಉಳಿಸಿದರು.

ಹಂತ 10: ಎಲ್ಲಿಗೆ ಕೊಂಡೊಯ್ಯುವುದು

ಇದನ್ನು ಕೊನೆಗೆ ಇಟ್ಟಿದ್ದು ಬೇಕೆಂದೇ. ಪ್ರಶ್ನೆಯೇ ಇಲ್ಲದೆ ಯಾವ ಸ್ಪರ್ಧೆಗೆ ಹೋಗೋಣ ಅಂತ ಕೇಳುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ.

ಮೊದಲ ಸಲದವರಿಗೆ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಹೇಳಿ ಮಾಡಿಸಿದ್ದು. 1993ರಿಂದ ನಡೆಯುತ್ತಿದೆ, 10ರಿಂದ 17 ವರ್ಷದವರಿಗೆ. ಸ್ಥಳೀಯ ಸಮಸ್ಯೆಯನ್ನೇ ಹಿಡಿಯಬೇಕು, ಕನ್ನಡದಲ್ಲೇ ಮಂಡಿಸಬಹುದು. ಕೇಂದ್ರದ ಇನ್‌ಸ್ಪೈರ್ ಮಾನಕ್ ಯೋಜನೆಗೆ ಶಾಲೆಯೇ ಹೆಸರು ಕಳಿಸಬೇಕು, ಆಯ್ಕೆಯಾದ ಮಗುವಿಗೆ 10,000 ರೂಪಾಯಿ. ಆದರೆ ಅದು ಹೊಸ ಐಡಿಯಾ, ಮಾದರಿಗಳಿಗೆ ಹೆಚ್ಚು ಒಗ್ಗುತ್ತೆ, ನಮ್ಮ ಮಡಕೆಯಂಥ ಅಳತೆಯ ಕೆಲಸಕ್ಕೆ ಅಷ್ಟಾಗಿ ಅಲ್ಲ. ದೇಶಮಟ್ಟದ ಐರಿಸ್ ವಿಜ್ಞಾನ ಮೇಳದಲ್ಲಿ ಗೆದ್ದವರು ಐಸೆಫ್‌ಗೆ ಹೋಗುತ್ತಾರೆ, ಅಲ್ಲಿನ ಪೈಪೋಟಿ ಬೇರೆಯೇ ಮಟ್ಟದ್ದು. ವಿಜ್ಞಾನ ಓದುವವರಿಗೆ ಕೇಂದ್ರ ಕೊಡುತ್ತಿದ್ದ ಕೆವಿಪಿವೈ ವಿದ್ಯಾರ್ಥಿವೇತನದ ಬಗ್ಗೆ ಇನ್ನೂ ಕೇಳುವವರಿದ್ದಾರೆ. ಅದು 2022ರಲ್ಲಿ ಇನ್‌ಸ್ಪೈರ್‌ನಲ್ಲಿ ವಿಲೀನವಾಯಿತು.

ದುಡ್ಡು ಕೊಟ್ಟರೆ ಸಂಶೋಧನೆ ಮಾಡಿಸಿ, ಪೇಪರ್ ಹಾಕಿಸಿ, ವಿದೇಶದ ಕಾಲೇಜಿಗೆ ದಾರಿ ಮಾಡುತ್ತೇವೆ ಅನ್ನುವ ಅಂಗಡಿಗಳು ಈಗ ಬೇಕಾದಷ್ಟು. ಮನೆಯವರು ಕೇಳಿದರೆ ಒಂದು ಮಾತು ಹೇಳಿ. ಹೈಸ್ಕೂಲ್ ಮಕ್ಕಳಿಗೆ ಜಗತ್ತಿನಲ್ಲೇ ಹೆಸರಾದ ಆರ್‌ಎಸ್‌ಐ ಶಿಬಿರ 1984ರಿಂದ ನಡೆಯುತ್ತಿದೆ, ಈಗ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ. ಆಯ್ಕೆಯಾದವರಿಂದ ಫೀಸು ತೆಗೆದುಕೊಳ್ಳಲ್ಲ. ನಾಲ್ಕು ದಿನದಲ್ಲಿ ಪ್ರಕಟಣೆ ಗ್ಯಾರಂಟಿ ಅನ್ನುವ ಪತ್ರಿಕೆಯಲ್ಲಿ ಹೆಸರು ಬಂದರೆ ಮುಂದೆ ಅದನ್ನು ಅಳಿಸಲು ಒದ್ದಾಡಬೇಕಾಗುತ್ತೆ.

ನಿಮಗೆ ತಿಳಿಯದ ವಿಷಯ ಬಂದಾಗ ವಿಜ್ಞಾನಿಗಳಿಗೆ ಬರೆಯಿಸಿ. ಇಮೇಲ್ ಮಗುವೇ ಬರೆಯಲಿ, ಎಂಟು ಸಾಲು ಸಾಕು. ನಾನು ಯಾರು, ನನ್ನ ಪ್ರಶ್ನೆ ಏನು, ಇಲ್ಲಿಯವರೆಗೆ ಏನು ಅಳೆದಿದ್ದೇನೆ, ಎಲ್ಲಿ ಸಿಕ್ಕಿಕೊಂಡಿದ್ದೇನೆ, ನಿಮ್ಮಿಂದ ಈ ಒಂದು ವಿಷಯ ಗೊತ್ತಾಗಬೇಕು. ನನಗೆ ಮಾರ್ಗದರ್ಶನ ಮಾಡಿ ಅನ್ನುವ ಪತ್ರಕ್ಕೆ ಉತ್ತರ ಬರಲ್ಲ. ಮಣ್ಣಿನ ರಂಧ್ರದ ಗಾತ್ರ ಅಳೆಯದೆಯೇ ಅಂದಾಜು ಮಾಡಬಹುದಾ ಅನ್ನುವ ಪತ್ರಕ್ಕೆ ಬರಬಹುದು. ಹತ್ತು ಜನಕ್ಕೆ ಬರೆದರೆ ಒಬ್ಬರು ಉತ್ತರಿಸಿದರೂ ಲಾಭವೇ. ಐಐಎಸ್‌ಸಿ ವರ್ಷಕ್ಕೊಮ್ಮೆ ಓಪನ್ ಡೇ ಮಾಡುತ್ತೆ. ಅಲ್ಲಿ ಪಿಎಚ್‌ಡಿ ಹುಡುಗರ ಜೊತೆ ನೇರವಾಗಿ ಮಾತಾಡಬಹುದು, ಅವರು ಪ್ರೊಫೆಸರರಿಗಿಂತ ಬೇಗ ಸಿಗುತ್ತಾರೆ. ಚಳ್ಳಕೆರೆ ಬಳಿ ಕುದಾಪುರದಲ್ಲಿರುವ ಅದರ ಎರಡನೇ ಕ್ಯಾಂಪಸ್ಸಿನಲ್ಲಿ ಶಿಕ್ಷಕರಿಗೆ ತರಬೇತಿ ನಡೆಯುತ್ತೆ, ಮೇಷ್ಟ್ರುಗಳಿಗೆ ಅದು ಗೊತ್ತಿರಲಿ.

ಹೆಸರಿನ ವಿಷಯ ಮೊದಲೇ ಮಾತಾಡಿಕೊಳ್ಳಿ. ಅಳೆದವರ ಹೆಸರು ಮುಂದೆ, ನಿಮ್ಮದು ಕೊನೆಗೆ. ನೀರು ತುಂಬಿಸಿದ ತಮ್ಮನಿಗೂ, ಮಡಕೆಯ ಕಥೆ ಹೇಳಿದ ಅಜ್ಜಿಗೂ, ಕುಡಿಕೆ ಮಾಡಿಕೊಟ್ಟ ಕುಂಬಾರನಿಗೂ ಕೃತಜ್ಞತೆಯ ಸಾಲಿನಲ್ಲಿ ಜಾಗ ಇರಲಿ.

ಎಲ್ಲ ಮುಗಿದ ಮೇಲೆ ನೋಟ್‌ಬುಕ್ಕಿನ ಒಂದು ಜೆರಾಕ್ಸ್ ಶಾಲೆಯಲ್ಲಿ ಉಳಿಸಿಕೊಳ್ಳಿ, ಮೂಲ ಮಗುವಿಗೇ. ಕೊನೆಯ ಪುಟದಲ್ಲಿ ಇನ್ನೂ ಗೊತ್ತಾಗದ್ದು ಅಂತ ಒಂದು ಪಟ್ಟಿ ಬರೆಸಿ. ಮುಂದಿನ ಜೂನ್‌ನಲ್ಲಿ ಹೊಸ ಹುಡುಗನೋ ಹುಡುಗಿಯೋ ಬಂದಾಗ ಆ ಪುಟವನ್ನೂ, ಉಳಿದ ಹನ್ನೊಂದು ಕುಡಿಕೆಗಳನ್ನೂ ಕೈಗಿಡಿ. ಹನ್ನೆರಡನೆಯದು ಹೇಗೆ ಒಡೆಯಿತು ಅಂತ 43ನೇ ಪುಟದಲ್ಲಿ ಬರೆದಿರುತ್ತೆ.